ಆಂಡೀಸಿನಿಂದ ಬಂದ ಅತ್ತೆ

ಟೆಕ್ಸಾಸಿನ ನಮ್ಮ ರೌಂಡ್ ರಾಕ್ ಊರಿನಲ್ಲಿ ಆಗಸ್ಟ್ ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಚಪ್ಪಲಿಯ ಅಡಿಯಿಂದಲೇ ಕಾವು ಹತ್ತುತ್ತದೆ. ನೂರು ಡಿಗ್ರಿ ಫ್ಯಾರನ್‌ಹೀಟ್, ಅಂದರೆ ನಮ್ಮ ಲೆಕ್ಕದ 38, ದಾಟಿತೆಂದು ಇಲ್ಲಿ ಯಾರೂ ಉದ್ಗಾರ ತೆಗೆಯುವುದಿಲ್ಲ. ಇಂಥ ಊರಿನಲ್ಲಿ ನಾವು ನಾಲ್ಕು ಜನ ಮನೆಯೊಳಗೆ ಸ್ವೆಟರ್ ಹಾಕಿಕೊಂಡು ಕೂತಿರುತ್ತೇವೆ. ಅಮೆರಿಕ ಅಂದಮೇಲೆ ಚಳಿಯೇ ಇರಬೇಕೆಂದು ಅಮ್ಮ ಅರಕಲಗೂಡಿನಿಂದ ಒಂದು ಮಂಕಿ ಟೋಪಿ ತಂದಿದ್ದಳು. ಏರ್‌ಪೋರ್ಟಿನಲ್ಲಿ ಅದನ್ನು ನೋಡಿ ನಕ್ಕವರೆಲ್ಲ ಈಗ ಸರದಿಯ ಮೇಲೆ ಹಾಕಿಕೊಳ್ಳುತ್ತೇವೆ. ಇಷ್ಟೆಲ್ಲ ನಡೆಯುವುದು ಅರ್ಧ ಕೇಜಿ ತೂಗುವ ಒಂದು ಪ್ರಾಣಿಯ ಕ್ಷೇಮಕ್ಕಾಗಿ.

ಏನಾದರೂ ಸಾಕಬೇಕು ಎಂಬ ಮಗಳ ಹಟ ಹಳೆಯದು. ನಾಯಿ ಎಂದಳು, ಬೆಳಗಾಗೆದ್ದು ಅಡ್ಡಾಡಿಸೋರು ಯಾರು ಎಂದು ನನ್ನವಳು ಕೇಳಿದಳು. ಬೆಕ್ಕು ಎಂದಳು, ನನಗೆ ಸೀನು. ಮೀನು ಎಂದು ನಾನೇ ಹೇಳಿ ನೋಡಿದೆ. "ಮೀನನ್ನ ತಬ್ಕೊಳ್ಳೋಕಾಗುತ್ತಾ ಅಪ್ಪ?" ಎಂದಳು. ಕಡೆಗೆ ಪ್ರಾಣಿಗಳ ಆಶ್ರಯಧಾಮವೊಂದರಲ್ಲಿ, ಸಾಕಿದವರು ಊರು ಬಿಡುವಾಗ ಒಪ್ಪಿಸಿಹೋದ ಒಂದು ಹೆಣ್ಣು ಚಿಂಚಿಲ್ಲಾ, ಅಂದರೆ ಆಂಡೀಸ್ ಪರ್ವತ ಮೂಲದ ದಟ್ಟ ತುಪ್ಪಟದ ಪುಟ್ಟ ಪ್ರಾಣಿ, ಇದೆ ಎಂದು ಪತ್ತೆ ಮಾಡಿದಳು. ಅದನ್ನೂ ತಬ್ಬಿಕೊಳ್ಳುವಂತಿಲ್ಲ ಎಂಬುದು ಆಮೇಲೆ ತಿಳಿದ ವಿಷಯ.

ಆಶ್ರಯಧಾಮದವರು ಒಂದು ಅರ್ಜಿ ಕೊಟ್ಟರು. ನಮ್ಮ ಸಂಬಳ, ನಡತೆಗಳ ಬಗ್ಗೆ ಅದರಲ್ಲಿ ವಿಶೇಷ ಆಸಕ್ತಿ ಕಾಣಲಿಲ್ಲ. ಮನೆಯ ಏಸಿ ಎಂಥದು, ಎಷ್ಟಕ್ಕೆ ಇಡುತ್ತೀರಿ, ಬೇಸಗೆಯಲ್ಲಿ ಕರೆಂಟು ಹೋದರೆ ಏನು ಮಾಡುತ್ತೀರಿ ಎಂದು ಮಾತ್ರ ತಿರುಗಿಸಿ ಮುರುಗಿಸಿ ಕೇಳಿದ್ದರು. ಚಿಂಚಿಲ್ಲಾಕ್ಕೆ ಬೆವರುವುದು ಗೊತ್ತಿಲ್ಲ. ಕೋಣೆಯ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಅದರ ತೆಳ್ಳನೆಯ ದೊಡ್ಡ ಕಿವಿಗಳು ಕೆಂಪಾಗುತ್ತವೆ. ಇನ್ನಷ್ಟು ಏರಿದರೆ ಪ್ರಾಣಕ್ಕೇ ಸಂಚಕಾರ. 2021ರ ಫೆಬ್ರವರಿಯಲ್ಲಿ ಟೆಕ್ಸಾಸಿನಲ್ಲಿ ಹಿಮ ಸುರಿದು ದಿನಗಟ್ಟಲೆ ಕರೆಂಟು ಹೋಗಿದ್ದನ್ನು ಅನುಭವಿಸಿದವರು ನಾವು. 'ಕರೆಂಟು ಹೋದರೆ' ಎಂಬ ಪ್ರಶ್ನೆ ಇಲ್ಲಿ ಬರೀ ಔಪಚಾರಿಕವಲ್ಲ. "ಕಾರಿನಲ್ಲಿ ಕೂರಿಸಿಕೊಂಡು ಏಸಿ ಹಾಕಿ ಊರು ಸುತ್ತುತ್ತೇವೆ" ಎಂದು ನನ್ನವಳು ಬರೆದಳು. ಅರ್ಜಿ ಪಾಸಾಯಿತು.

ಅಮ್ಮ ಬಂದಿಳಿದ ವಾರವೇ ಇದೂ ಬಂತು. ಹೀಗಾಗಿ ಮನೆಗೆ ಒಗ್ಗಬೇಕಾದವರು ಇಬ್ಬರಾದರು. ನನ್ನೆದೆಯ ಮಟ್ಟಕ್ಕೆ ಬರುವ ತಂತಿ ಪಂಜರ, ಅದರೊಳಗೆ ಮೆಟ್ಟಿಲು ಮೆಟ್ಟಿಲಾಗಿ ಮರದ ಹಲಗೆಗಳು, ಅಗಲವಾದ ಲೋಹದ ಚಕ್ರ, ಒಂದು ಮೂಲೆಯಲ್ಲಿ ಅಡಗಿಕೊಳ್ಳಲು ಮರದ ಗೂಡು. ಪ್ಲಾಸ್ಟಿಕ್ ಇಟ್ಟರೆ ಕಡಿದು ನುಂಗಿಬಿಡುತ್ತದೆ, ಆದ್ದರಿಂದ ಕೂಡದು. ಹೊಟ್ಟೆಯಡಿಗೆ ತಂಪಾಗಿರಲೆಂದು ಒಂದು ಕಲ್ಲು ಬೇಕೆಂದಾಗ, ಅಡುಗೆಕಟ್ಟೆಗೆ ಗ್ರಾನೈಟ್ ಕೊಯ್ಯುವ ಅಂಗಡಿಯವನು ಕರಿಕಲ್ಲಿನ ಒಂದು ತುಂಡನ್ನು ಬಿಟ್ಟಿಯಾಗಿ ಕೊಟ್ಟ. "ಇಂಡಿಯಾದ್ದು, ನಿಮ್ಮ ಕಡೆಯದೇ" ಎಂದ. ಅಮ್ಮ ಅದರ ಮೇಲೆ ಕೈಯಾಡಿಸಿ "ಚಾಮರಾಜನಗರದ ಕಡೆ ಕಲ್ಲೇ ಇರಬೇಕು" ಎಂದು ತೀರ್ಪು ಕೊಟ್ಟಳು. ಚಿಲಿ ದೇಶದ ವಂಶದ್ದು ಚಾಮರಾಜನಗರದ ಕಲ್ಲಿನ ಮೇಲೆ ಟೆಕ್ಸಾಸಿನಲ್ಲಿ ಹೊಟ್ಟೆ ಹಾಕಿ ಮಲಗಿತು.

ಮೊದಲ ದಿನಗಳಲ್ಲಿ ಪಂಜರದ ಅರ್ಧಕ್ಕೆ ಬಟ್ಟೆ ಇಳಿಬಿಟ್ಟು ಅದರ ಪಾಡಿಗೆ ಅದನ್ನು ಬಿಡಬೇಕು, ಎತ್ತಿಕೊಳ್ಳುವುದಂತೂ ಇಲ್ಲವೇ ಇಲ್ಲ ಎಂದು ಅಪ್ಪಣೆಯಾಗಿತ್ತು. ಅಮ್ಮ ಕುರ್ಚಿ ಎಳೆದುಕೊಂಡು ಕೂತು ಮೊಮ್ಮಗಳ ವಿಚಾರಣೆಗೆ ತೊಡಗಿದಳು.

"ಯಾರೂ ಮುಟ್ಟೋ ಹಾಗಿಲ್ವಾ?"

"ಇಲ್ಲ ಅಜ್ಜಿ. ಅವಳಾಗೇ ಹತ್ರ ಬಂದ್ರೆ ಮಾತ್ರ."

"ಸ್ನಾನ?"

"ಬೂದೀಲಿ."

"ಈರುಳ್ಳಿ, ಬೆಳ್ಳುಳ್ಳಿ?"

"ಅಯ್ಯೋ, ಮೂಸೋದೂ ಬೇಡ!"

"ನಾವು ಮಾಡಿದ ಅಡುಗೆ?"

"ಒಂದು ಅಗಳೂ ಕೊಡಬಾರದು."

ಅಮ್ಮ ಎದ್ದು ನಿಂತು, ಸೊಂಟದ ಮೇಲೆ ಕೈಯಿಟ್ಟು ಗೂಡಿನ ಕಡೆ ದಿಟ್ಟಿಸಿದಳು. ಒಳಗಿಂದ ಎರಡು ಕಪ್ಪು ಕಣ್ಣುಗಳೂ ಅವಳನ್ನು ದಿಟ್ಟಿಸಿದವು. "ಇದು ನಮ್ಮತ್ತೆ ಕಣೋ!" ಎಂದಳು.

ಅಮ್ಮನ ಅತ್ತೆ, ಅಂದರೆ ನನ್ನಜ್ಜಿ, ಅರಕಲಗೂಡಿನ ಆ ಮನೆಯಲ್ಲಿ ಮಡಿಯ ಸರ್ವಾಧಿಕಾರಿಯಾಗಿದ್ದವಳು. ಅವಳ ಸೀರೆ ಒಣಗುತ್ತಿದ್ದ ಗಳುವಿನ ಕೆಳಗೆ ಹಾದು ಹೋಗುವಾಗ ನಾವು ತಲೆ ತಗ್ಗಿಸಬೇಕಿತ್ತು. ಊಟದ ಹೊತ್ತು ಬೇರೆ, ಪಾತ್ರೆ ಬೇರೆ, ಹಣೆಗೆ ಮೂರು ಬೆರಳಿನ ವಿಭೂತಿ. ಹದಿನೆಂಟು ತುಂಬುವ ಮುಂಚೆ ಆ ಅಡುಗೆಮನೆಗೆ ಸೊಸೆಯಾಗಿ ಬಂದ ಅಮ್ಮ ಮೂವತ್ತು ಮೂವತ್ತೈದು ವರ್ಷ ಎದುರು ಮಾತಾಡದೆ ಸೇವೆ ಮಾಡಿದ್ದಳು. ಸಾಗರ ದಾಟಿ ಬಂದರೆ ಇಲ್ಲಿ ಏಸಿ ಹಾಕಿಸಿಕೊಂಡು ಕಾದಿದ್ದಾಳೆ! ಒಂದೇ ವ್ಯತ್ಯಾಸ: ಅಜ್ಜಿಗೆ ನೀರು ಮಡಿ, ಇದಕ್ಕೆ ನೀರೇ ಮೈಲಿಗೆ. ಮನುಷ್ಯನ ತಲೆಯಲ್ಲಿ ಒಂದು ಕೂದಲು ಹುಟ್ಟುವಷ್ಟು ಜಾಗದಲ್ಲಿ ಇದಕ್ಕೆ ಐವತ್ತಕ್ಕೂ ಹೆಚ್ಚು ಕೂದಲು. ಒಮ್ಮೆ ಒದ್ದೆಯಾದರೆ ಒಳಗಿನ ತೇವ ಆರುವುದಿಲ್ಲ, ಚರ್ಮಕ್ಕೆ ಬೂಷ್ಟು ಹಿಡಿಯುತ್ತದೆ. ಅದಕ್ಕೇ ಬೂದಿ ಸ್ನಾನ.

ಆ ದಿನದಿಂದ ಆಶ್ರಯಧಾಮದವರು ಇಟ್ಟಿದ್ದ ಹೆಸರು ಬಿದ್ದುಹೋಯಿತು. ಅಮ್ಮ ಅದನ್ನು 'ನಮ್ಮತ್ತೆ' ಎನ್ನತೊಡಗಿದಳು. ನನ್ನವಳು ಅಮ್ಮನನ್ನು ಅತ್ತೆ ಎನ್ನುವುದರಿಂದ ಮನೆಯಲ್ಲಿ ಹೊಸ ಗೊಂದಲ ಹುಟ್ಟಿತು. ಸಂಜೆ ಕೆಲಸ ಮುಗಿಸಿ ಬಂದಾಗ "ಶ್... ಅತ್ತೆ ಮಲಗಿದ್ದಾರೆ" ಎಂದರೆ ಯಾರಿಗಾಗಿ ಮೆಲ್ಲಗೆ ನಡೆಯಬೇಕೋ ತಿಳಿಯದು. "ಅತ್ತೆ ಇವತ್ತು ಹುಲ್ಲೇ ಮುಟ್ಟಿಲ್ಲ ರೀ" ಎಂದಾಗ ಮಾತ್ರ ಅನುಮಾನವಿರಲಿಲ್ಲ. ತನ್ನ ಅತ್ತೆ ಇನ್ನೊಂದು ಅತ್ತೆಯ ಸೇವೆಗೆ ನಿಂತದ್ದನ್ನು ನೋಡುವಾಗ ನನ್ನವಳ ಮುಖದಲ್ಲಿ ಹೊಳೆಯುತ್ತಿದ್ದ ಕಳೆಯನ್ನು ನಾನು ಇಲ್ಲಿ ವಿವರಿಸಹೋಗುವುದಿಲ್ಲ. ಇದನ್ನು ಇಬ್ಬರೂ ಓದುತ್ತಾರೆ.

ಊಟದ ವಿಷಯಕ್ಕೆ ಮಾತ್ರ ಅಮ್ಮನಿಗೂ ಮೊಮ್ಮಗಳಿಗೂ ಜಟಾಪಟಿಯಾಯಿತು. ಮನೆಗೆ ಬಂದವರಿಗೆ ಏನೂ ತಿನ್ನಿಸದೆ ಇರುವುದು ಅಮ್ಮನ ಜಾಯಮಾನಕ್ಕೆ ಒಗ್ಗದು. ದ್ರಾಕ್ಷಿ ಹಿಡಿದು ಬಂದಳು. ಸಕ್ಕರೆ ಅಂಶ, ಬೇಡ. ಕಡಲೆಕಾಯಿ, ಜಿಡ್ಡು, ಬೇಡ. ಎಲೆಕೋಸಿನ ಎಸಳು, ಹೊಟ್ಟೆಯುಬ್ಬರ. ಚಿಂಚಿಲ್ಲಾಕ್ಕೆ ವಾಂತಿ ಮಾಡುವುದು ಸಾಧ್ಯವಿಲ್ಲ, ಒಳಗೆ ಹೋದದ್ದು ಹೋದಂತೆಯೇ. ವಾಯು ತುಂಬಿದರೆ ತುರ್ತಾಗಿ ಡಾಕ್ಟರ ಹತ್ತಿರ ಓಡಬೇಕು, ಅದೂ ನಾಯಿ ಬೆಕ್ಕು ನೋಡುವ ಎಲ್ಲ ಡಾಕ್ಟರೂ ಇದನ್ನು ನೋಡುವುದಿಲ್ಲ. ಇದರ ಮೃಷ್ಟಾನ್ನವೆಂದರೆ ಟಿಮೊತಿ ಎಂಬ ಒಣಹುಲ್ಲು, ಜೊತೆಗೆ ಒಂದಿಷ್ಟು ಹುಲ್ಲಿನ ಗುಳಿಗೆ. ಹಲ್ಲು ಸಾಯುವ ತನಕ ಬೆಳೆಯುತ್ತಲೇ ಇರುವುದರಿಂದ ಹುಲ್ಲನ್ನು ಅಗಿದಗಿದು ಸವೆಸದೆ ವಿಧಿಯಿಲ್ಲ. ಆ ಹಲ್ಲಿನ ಬಣ್ಣವೋ ಗಾಢ ಕಿತ್ತಳೆ. ಅದು ಆರೋಗ್ಯದ ಲಕ್ಷಣ, ಬೆಳ್ಳಗಿದ್ದರೇ ಚಿಂತೆ. "ಎಲೆ ಅಡಿಕೆನೂ ಹಾಕ್ತಾರೆ" ಎಂದಳು ಅಮ್ಮ.

ಹುಲ್ಲಿನ ಪೆಟ್ಟಿಗೆ ಬಂದ ದಿನ ಮಾತ್ರ ಅಮ್ಮನ ಮಾತಿಗೆ ಬೆಲೆ ಬಂತು. ಕೊಟ್ಟಿಗೆಯಲ್ಲಿ ಆಕಳು ಕಟ್ಟಿ ಬೆಳೆದವಳು. ಒಂದು ಹಿಡಿ ತೆಗೆದು ಮೂಸಿದಳು, ಮುರಿದು ನೋಡಿದಳು, ತೆನೆಯನ್ನು ಉಗುರಿನಿಂದ ಕೆದಕಿದಳು, ಬೆಳಕಿಗೆ ಹಿಡಿದು ಹಸಿರು ಉಳಿದಿದೆಯೇ ಎಂದು ಪರೀಕ್ಷಿಸಿದಳು. "ಹುಲ್ಲು ಚೆನ್ನಾಗಿದೆ. ಮಳೆಗೆ ಸಿಕ್ಕಿಲ್ಲ. ಆದ್ರೆ ಇದನ್ನ ಪೋಸ್ಟಲ್ಲಿ ತರಿಸ್ಕೋತೀರಲ್ಲೋ!" ಎಂದಳು. ಆಮೇಲೆ ಮೊಮ್ಮಗಳು ಒಂದು ರಿಯಾಯಿತಿ ಕೊಟ್ಟಳು: ಔಷಧಿ ಹೊಡೆಯದ ಗುಲಾಬಿಯ ಒಣಗಿದ ಎಸಳು, ಅಪರೂಪಕ್ಕೊಂದು. ಹಿತ್ತಲ ಗಿಡದ ಗುಲಾಬಿಗಳು ದೇವರ ತಲೆಯ ಮೇಲೆ ಒಣಗಿ, ಅಲ್ಲಿಂದ ನೇರ ಅತ್ತೆಯ ಬಾಯಿಗೆ ಹೋಗತೊಡಗಿದವು. ಅದು ಹಿಂಗಾಲ ಮೇಲೆ ಕೂತು, ಎಸಳನ್ನು ಎರಡೂ ಕೈಯಲ್ಲಿ ಹಿಡಿದು, ಅಂಚಿನಿಂದ ಅಂಚಿಗೆ ತಿರುಗಿಸುತ್ತಾ ಕತ್ತರಿಸಿ ತಿನ್ನುತ್ತದೆ. ತಿನ್ನುವಷ್ಟು ಹೊತ್ತೂ ಮೀಸೆ ಮಾತ್ರ ಅಲುಗುತ್ತದೆ. ಕೊನೆಯ ಚೂರನ್ನು ಎಸೆದುಬಿಡುತ್ತದೆ. "ಎಲೆ ಕೊನೇಲಿ ಬಿಡೋದು ಅವರ ಪದ್ಧತಿ" ಎಂದು ಅಮ್ಮ ವ್ಯಾಖ್ಯಾನಿಸಿದಳು.

ಬೂದಿ ಸ್ನಾನ ವಾರಕ್ಕೆ ಎರಡು ಮೂರು ಸಲ. ನುಣ್ಣನೆಯ ಜ್ವಾಲಾಮುಖಿ ಬೂದಿ ಡಬ್ಬಿಯಲ್ಲಿ ಸಿಗುತ್ತದೆ. ಬೆಲೆ ಕೇಳಿ ಅಮ್ಮ ಹೌಹಾರಿ, "ನಂಜನಗೂಡಿಂದ ತಂದ ವಿಭೂತಿ ಗಟ್ಟಿ ಇದೆ, ಕುಟ್ಟಿ ಹಾಕಲಾ?" ಎಂದಳು. ಬೇಡವೆಂದು ಒಪ್ಪಿಸುವುದಕ್ಕೆ ಸಾಕಾಯಿತು. ಮಣ್ಣಿನ ಬೋಗುಣಿಯಲ್ಲಿ ಎರಡು ಬೆರಳೆತ್ತರಕ್ಕೆ ಬೂದಿ ಹಾಕಿ ಪಂಜರದಲ್ಲಿಟ್ಟರೆ, ಮೊದಲು ಮೂಸಿ, ಮುಂಗಾಲಿನಿಂದ ಕೆರೆದು, ಒಮ್ಮೆಲೇ ಧುಮುಕಿ ಅಂಗಾತ ಉರುಳುತ್ತದೆ. ಎಷ್ಟು ರಭಸವೆಂದರೆ ತಲೆ ಯಾವುದು ಬಾಲ ಯಾವುದು ಹೇಳಲಾಗದು. ಎದ್ದು ಒಮ್ಮೆ ಕೊಡವಿದರೆ ಅದರ ಮೈ ಫಳಫಳ, ನಮ್ಮ ಕೋಣೆ ಮಸುಕು. ಪುಸ್ತಕದ ಮೇಲೆ, ಲ್ಯಾಪ್‌ಟಾಪಿನ ಮೇಲೆ, ಅಮ್ಮನ ಕನ್ನಡಕದ ಮೇಲೆ ತೆಳುವಾಗಿ ಬೂದಿ. ವೀಡಿಯೋ ಮೀಟಿಂಗಿನಲ್ಲಿ ಸಹೋದ್ಯೋಗಿಯೊಬ್ಬ ನನ್ನ ಹಣೆ ನೋಡಿ ಇವತ್ತು ನಿಮ್ಮ ಹಬ್ಬವೇ ಎಂದು ವಿಚಾರಿಸಿದ. ಹೌದೆಂದೆ.

ಇದರ ಪೂರ್ವೋತ್ತರ ಕೇಳಿದರೆ ಏಸಿ ಬಿಲ್ಲಿನ ಮೇಲಿನ ಸಿಟ್ಟು ಸ್ವಲ್ಪ ಇಳಿಯುತ್ತದೆ. ಆಂಡೀಸ್ ಪರ್ವತದ ಒಣ ಚಳಿಗೆಂದು ಬೆಳೆಸಿಕೊಂಡ ತುಪ್ಪಟವೇ ಇದಕ್ಕೆ ಮುಳುವಾಯಿತು. ಒಂದು ಕೋಟು ಆಗಬೇಕಾದರೆ ನೂರಕ್ಕೂ ಹೆಚ್ಚು ಚರ್ಮ ಬೇಕು. ಯುರೋಪಿನ, ಅಮೆರಿಕದ ಸಿರಿವಂತರಿಗೆ ಕೋಟು ಹೊಲಿದು ಹೊಲಿದು ಬೆಟ್ಟ ಬರಿದಾಯಿತು. 1910ರಲ್ಲಿ ಚಿಲಿ, ಬೊಲಿವಿಯಾ, ಪೆರು, ಅರ್ಜೆಂಟೀನಾ ಸೇರಿ ಬೇಟೆ ನಿಲ್ಲಿಸುವ ಒಪ್ಪಂದ ಮಾಡಿಕೊಂಡವು. ಚಿಲಿಯ ಇಯಾಪೆಲ್ ಊರಿನ ಬಳಿ ಇದಕ್ಕೆಂದೇ ರಕ್ಷಿತಾರಣ್ಯ ಆದದ್ದು 1983ರಲ್ಲಿ. ಕಾಡಿನಲ್ಲಿ ಇಂದಿಗೂ ಅಳಿವಿನಂಚಿನ ಜೀವಿಯೇ. ಚಿಲಿಯ ತಾಮ್ರದ ಗಣಿಯಲ್ಲಿ ಎಂಜಿನಿಯರಾಗಿದ್ದ ಮಥಾಯಸ್ ಚಾಪ್‌ಮನ್ ಎಂಬಾತ 1923ರಲ್ಲಿ ಹತ್ತು ಹನ್ನೆರಡನ್ನು ಕ್ಯಾಲಿಫೋರ್ನಿಯಾಕ್ಕೆ ತಂದ. ತಂದದ್ದು ಮುದ್ದಿಗಲ್ಲ, ತುಪ್ಪಟದ ವ್ಯಾಪಾರಕ್ಕೇ. ಆದರೂ ಅವನ ತಾಳ್ಮೆಗೆ ಶರಣು. ಬೆಟ್ಟದಿಂದ ಒಮ್ಮೆಲೇ ಇಳಿಸಿದರೆ ಸಾಯುತ್ತವೆಂದು, ತಿಂಗಳುಗಟ್ಟಲೆ ಅಲ್ಲಲ್ಲಿ ತಂಗಿಸಿ ಇಳಿಸಿದ. ಹಡಗಿನಲ್ಲಿ ಮಂಜುಗಡ್ಡೆ ಇಟ್ಟು ತಂಪು ಮಾಡಿದ. ಅಮೆರಿಕದ ಸಾಕು ಚಿಂಚಿಲ್ಲಾಗಳಲ್ಲಿ ಬಹುಪಾಲು ಅವುಗಳ ಸಂತಾನವೇ ಅನ್ನುತ್ತಾರೆ.

ಮಗಳು ಇದನ್ನೆಲ್ಲ ಹೇಳಿದಾಗ ಅಮ್ಮ ಒಂದು ಗಳಿಗೆ ಯೋಚಿಸಿದಳು. "ಹಾಗಾದ್ರೆ ಎಲ್ಲಾ ಒಂದೇ ಗೋತ್ರ. ಸಗೋತ್ರದಲ್ಲೇ ಕೊಟ್ಟು ತಂದು ಮಾಡ್ಕೊಂಡಿದ್ದಾರೆ. ನಮ್ಮತ್ತೆಗೆ ಇದು ಗೊತ್ತಾದ್ರೆ ಮೂರು ದಿನ ಊಟ ಬಿಡ್ತಾರೆ."

ಹಗಲೆಲ್ಲ ನಿದ್ದೆ ಹೊಡೆದು ಇದು ಏಳುವುದು ಸೂರ್ಯ ಮುಳುಗಿದ ಮೇಲೆ. ಅಮ್ಮನಿಗೂ ಭಾರತದ ಗಡಿಯಾರವೇ ಇನ್ನೂ ನಡೆಯುತ್ತಿತ್ತು, ನಮ್ಮ ನಡುರಾತ್ರಿ ಅವಳಿಗೆ ನಡುಹಗಲು. ಮನೆಯವರೆಲ್ಲ ಮಲಗಿದ ಮೇಲೆ ಇವರಿಬ್ಬರೇ ಎಚ್ಚರ. ಅದು ಚಕ್ರ ತಿರುಗಿಸುವುದು, ಇವಳು ಜಪಮಣಿ ತಿರುಗಿಸುವುದು. ಒಂದು ರಾತ್ರಿ ನೀರು ಕುಡಿಯಲು ಎದ್ದವನಿಗೆ ಅಮ್ಮನ ಮಾತು ಕೇಳಿಸಿತು. ಫೋನಿನಲ್ಲಿ ಚಿಕ್ಕಮ್ಮನ ಜೊತೆ ಇರಬೇಕೆಂದುಕೊಂಡೆ. ಅಲ್ಲ. "...ಆವತ್ತು ಹಾಲು ಉಕ್ಕಿಸಿದ್ದು ನಾನಲ್ಲ, ನಿಮ್ಮ ಮಗಳು. ಅವಳನ್ನ ಒಂದು ಮಾತು ಕೇಳಿದ್ರಾ? ಎಲ್ಲರ ಮುಂದೆ ನನ್ನನ್ನೇ ಅಂದ್ರಿ" ಎಂದು ಪಂಜರದ ಮುಂದೆ ಕೂತು ಲೆಕ್ಕ ಒಪ್ಪಿಸುತ್ತಿದ್ದಳು. ಚಕ್ರ ನಿಂತಿತ್ತು. ಅತ್ತೆ ತಂತಿಗೆ ಮೂಗು ಹಚ್ಚಿ ಕೇಳುತ್ತಿದ್ದರು. ನಾನು ನೀರು ಕುಡಿಯದೆ ಹಿಂದಿರುಗಿದೆ.

ಹೊರಗೆ ಬಿಟ್ಟು ಆಡಿಸುವುದಕ್ಕೆ ನಮ್ಮ ಎರಡನೆಯ ಬಚ್ಚಲುಮನೆ ಮೀಸಲಾಯಿತು. ಅಲ್ಲಿ ಕಡಿಯಲು ವೈರುಗಳಿಲ್ಲ, ನುಸುಳಲು ಸಂದುಗಳಿಲ್ಲ. ಕಮೋಡಿನ ಮುಚ್ಚಳ ಮುಚ್ಚಿರಬೇಕು, ನೆಲ ಒಣಗಿರಬೇಕು. ಹೀಗಾಗಿ ಅಲ್ಲಿ ಸ್ನಾನ ಬಂದ್ ಆಗಿ, ನಾವೆಲ್ಲ ಬೆಳಗ್ಗೆ ಒಂದೇ ಬಚ್ಚಲಿಗೆ ಸಾಲು ನಿಲ್ಲುತ್ತೇವೆ. ಇದರ ನೆಗೆತ ಒಂದೇಟಿಗೆ ನಾಲ್ಕೈದು ಅಡಿ ಎತ್ತರ. ಗೋಡೆಗೆ ಕಾಲು ಕೊಟ್ಟು ಎದುರು ಗೋಡೆಗೆ, ಅಲ್ಲಿಂದ ಟಬ್ಬಿನ ಅಂಚಿಗೆ, ಅಲ್ಲಿಂದ ನನ್ನ ತಲೆಗೆ.

ಒಂದು ಭಾನುವಾರ ಕನ್ನಡ ಸಂಘದ ಸ್ನೇಹಿತರು ಮಕ್ಕಳೊಂದಿಗೆ ಬಂದರು. ಬೇಡ ಬೇಡವೆನ್ನುತ್ತಿದ್ದಂತೆ ಒಬ್ಬ ಹುಡುಗ ಬೆನ್ನಿಗೆ ಕೈ ಹಾಕಿ ಹಿಡಿದೇಬಿಟ್ಟ. ಪ್ರಾಣಿ ಮಾಯ, ಮುಷ್ಟಿಯಲ್ಲಿ ಬೂದುಬಣ್ಣದ ತುಪ್ಪಟದ ಗೊಂಚಲು. ಗಿಡುಗ, ನರಿಗಳ ಹಿಡಿತದಿಂದ ಜಾರಿಕೊಳ್ಳಲು ಇದು ತುಪ್ಪಟವನ್ನು ಹಾಗೆ ಕಳಚಿ ಕೊಟ್ಟುಬಿಡುತ್ತದೆ, ಗಾಯವೇನೂ ಆಗುವುದಿಲ್ಲ. ಅದು ಹುಡುಗನಿಗೇನು ಗೊತ್ತು! ಚರ್ಮವೇ ಕಿತ್ತುಬಂತೆಂದು ಅವನು ಕಿರುಚಿದ. ಸಮಾಧಾನ ಮಾಡಲು ಅವನಪ್ಪ ಬಗ್ಗಿ ಟಬ್ಬಿನ ಹಿಂದೆ ಇಣುಕಿದರು. ಹೆಣ್ಣು ಚಿಂಚಿಲ್ಲಾಗಳಿಗೆ ಇನ್ನೊಂದು ಅಸ್ತ್ರವಿದೆ. ಕೆರಳಿದಾಗ ಎದ್ದು ನಿಂತು ಗುರಿಯಿಟ್ಟು ಉಚ್ಚೆ ಹಾರಿಸುತ್ತವೆ. ಸ್ನೇಹಿತರ ಕನ್ನಡಕ ಅವರನ್ನು ಕಾಪಾಡಿತು. ಅವರು ಮುಖ ತೊಳೆದು ಬಂದಾಗ ಅಮ್ಮ ಕಾಫಿ ಕೊಡುತ್ತಾ, "ತಪ್ಪು ತಿಳ್ಕೋಬೇಡಿ, ಅವರಿಗೆ ಮುಟ್ಟಿದ್ರೆ ಆಗಲ್ಲ. ಮೊದಲಿಂದ್ಲೂ ಹಾಗೇ" ಎಂದಳು. ಅತ್ತೆಯ ಪರವಾಗಿ ಅಮ್ಮ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಮೊನ್ನೆ ರಾತ್ರಿ ನನ್ನವಳು ಲೆಕ್ಕ ಹಾಕುತ್ತಿದ್ದಳು. ಮಗಳು ಕಾಲೇಜಿಗೆ ಹೋಗುವ ಕಾಲ ದೂರವಿಲ್ಲ, ಹಾಸ್ಟೆಲಿಗೆ ಇದನ್ನು ಬಿಡುವುದಿಲ್ಲ. ಚೆನ್ನಾಗಿ ನೋಡಿಕೊಂಡರೆ ಚಿಂಚಿಲ್ಲಾ ಹದಿನೈದು ಇಪ್ಪತ್ತು ವರ್ಷ ಬಾಳುತ್ತದೆ. ಕ್ಯಾಲಿಫೋರ್ನಿಯಾದ ಒಂದು 29 ವರ್ಷ ದಾಟಿ ಗಿನ್ನೆಸ್ ದಾಖಲೆ ಸೇರಿದೆ. ಅಂದರೆ ಮನೆಸಾಲದ ಕೊನೆಯ ಕಂತು ಕಟ್ಟುವ ದಿನವೂ ಇದು ಇದ್ದರೆ ಇರಬಹುದು, ನಾವು ಸ್ವೆಟರಿನಲ್ಲೇ ಕಟ್ಟಬೇಕಾಗಬಹುದು. "ಇಪ್ಪತ್ತೊಂಬತ್ತು ವರ್ಷ, ಅತ್ತೆ!" ಎಂದು ಅವಳು ಗಾಬರಿಯಿಂದ ಅಮ್ಮನ ಕಡೆ ತಿರುಗಿದಳು.

ಅಮ್ಮ ಮಂಕಿ ಟೋಪಿ ಸರಿಮಾಡಿಕೊಂಡು ಬೋಗುಣಿಗೆ ಬೂದಿ ಸುರಿಯುತ್ತಿದ್ದಳು.

"ಅಷ್ಟೇನಾ?" ಎಂದಳು. "ನಮ್ಮತ್ತೆ ತೊಂಬತ್ತಾರು."