ಕೆಮ್ಮಣ್ಣಿಗೂ ಉಚಿತ ಪ್ರಯಾಣ

ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿಯಾಗಿ ಹೋಗಬೇಕಾದರೆ ಹೆಣ್ಣುಮಕ್ಕಳು ಗುರುತಿನ ಚೀಟಿ ತೋರಿಸಬೇಕು. ಬೆಂಗಳೂರಿನ ಇಂದಿರಾನಗರದ ಕೆಮ್ಮಣ್ಣಿಗೆ ಆ ತಾಪತ್ರಯವೂ ಇಲ್ಲ. ಮೇ ತಿಂಗಳಲ್ಲಿ ಒಂದು ಸಂಜೆ ಮಳೆ ಹುಯ್ದರೆ ಸಾಕು. ಹಳೇ ಮನೆ ಕೆಡವಿ, ಬೇಸ್‌ಮೆಂಟಿಗೆಂದು ಬಾಯಿ ತೆರೆಸಿಟ್ಟ ಅರವತ್ತು-ನಲವತ್ತರ ಸೈಟಿನಿಂದ ಎದ್ದು, ಗೇಟು ದಾಟಿ, ಮೋರಿಗಿಳಿದು, ದೊಮ್ಮಲೂರು-ಚಲ್ಲಘಟ್ಟದ ರಾಜಕಾಲುವೆ ಹಿಡಿದು ಬೆಳ್ಳಂದೂರು ಕೆರೆಯ ಕಡೆಗೆ ಹೊರಟೇಬಿಡುತ್ತದೆ. ಅದೇ ಹೊತ್ತಿಗೆ ನೂರಡಿ ರಸ್ತೆಯಲ್ಲಿ ಕಾರು ಹತ್ತಿದವರು ದೊಮ್ಮಲೂರು ಫ್ಲೈಓವರಿನ ಬುಡ ಮುಟ್ಟಿದ್ದರೆ ಪುಣ್ಯವಂತರು.

ಮೆಟ್ರೊದವರ ಸುರಂಗ ಯಂತ್ರ 'ಊರ್ಜಾ' ಕಂಟೋನ್ಮೆಂಟಿನಿಂದ ಶಿವಾಜಿನಗರಕ್ಕೆ, ಒಂದು ಕಿಲೋಮೀಟರೂ ಇಲ್ಲದ ದಾರಿಗೆ, 2020ರಲ್ಲಿ ಹೊರಟು 2021ರ ಸೆಪ್ಟೆಂಬರಿನಲ್ಲಿ ತಲೆ ಹೊರಹಾಕಿತು. ಈ ಭಾಗದಲ್ಲಿ ಅಡೆತಡೆಯಿಲ್ಲದ, ಸಿಗ್ನಲ್ ಇಲ್ಲದ, ವೇಳೆಗೆ ಸರಿಯಾಗಿ ಓಡುವ ಸಾರಿಗೆ ವ್ಯವಸ್ಥೆ ಇರುವುದು ಮಣ್ಣಿಗೆ ಮಾತ್ರ.

ಹಲಸೂರು ಕೆರೆಗೂ ಈ ಸೇವೆ ಉಂಟು. ದಡದಲ್ಲೇ ಮದ್ರಾಸ್ ಸ್ಯಾಪರ್ಸ್ ದಂಡು ಬೀಡುಬಿಟ್ಟಿದೆ. ಅಗೆಯುವುದು, ತಡೆಯುವುದು ಎರಡನ್ನೂ ಕಸುಬಾಗಿ ಕಲಿತವರು. ಶತ್ರು ಬಂದರೆ ಬಿಡಲಾರರು. ಶಿವಾಜಿನಗರದ ಕಡೆಯಿಂದ ಮೋರಿಯಲ್ಲಿ ಇಳಿದುಬರುವ ಹೂಳು ಮಾತ್ರ ಶತ್ರುಗಳ ಪಟ್ಟಿಯಲ್ಲಿಲ್ಲ.

ಕಾನೂನಿಲ್ಲ ಎಂದು ಯಾರೂ ದೂರುವಂತಿಲ್ಲ. ಕೇಂದ್ರ ಸರ್ಕಾರದ 2006ರ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರಿಗೂ ಮೇಲ್ಪಟ್ಟ ಕಟ್ಟಡಕ್ಕೆ ಪರಿಸರ ಅನುಮತಿ ಬೇಕು. ಆ ಅನುಮತಿಪತ್ರದಲ್ಲಿ ಮಾಮೂಲಾಗಿ ಒಂದು ಷರತ್ತು ಇರುತ್ತದೆ: ಅಗೆದ ಮೇಲ್ಮಣ್ಣನ್ನು ಜೋಪಾನವಾಗಿ ತೆಗೆದಿಟ್ಟು ಅದೇ ಆವರಣದ ತೋಟಕ್ಕೆ ಬಳಸತಕ್ಕದ್ದು. ಓದಿದರೆ ಕಣ್ಣು ತುಂಬಿಬರುತ್ತದೆ. ಹಾಗೆ ತೆಗೆದಿಟ್ಟ ಮೇಲ್ಮಣ್ಣು ಎಲ್ಲಿದೆ ಎಂದು ನೋಡಬಯಸುವವರು ಕೆ.ಆರ್. ಪುರದಾಚೆ ಹಳೇ ಮದ್ರಾಸ್ ರಸ್ತೆಯಲ್ಲಿ ರಾತ್ರಿ ಟಿಪ್ಪರುಗಳ ಹಿಂದೆ ಹೋಗಿನೋಡಬಹುದು. ಅಲ್ಲೇ ಎಲೆ ಮಲ್ಲಪ್ಪ ಶೆಟ್ಟಿ ಕೆರೆ ಇದೆ. ವೀಳ್ಯದೆಲೆ ವ್ಯಾಪಾರದಲ್ಲಿ ದುಡಿದದ್ದನ್ನು ಜನರ ನೀರಿಗೆಂದು ಸುರಿದ ಪುಣ್ಯಾತ್ಮನ ಕೆರೆ. ಅವರು ಗಂಟಿನ ದುಡ್ಡು ಸುರಿದರು; ನಾವು ಡೆಬ್ರಿಸ್ ಸುರಿಯುತ್ತಿದ್ದೇವೆ. ಸುರಿಯುವ ಪರಂಪರೆಗಂತೂ ಚ್ಯುತಿ ಬಂದಿಲ್ಲ.

ಇನ್ನು ಅರವತ್ತು-ನಲವತ್ತರ ಸೈಟು. 2,400 ಚದರ ಅಡಿಗೆ ಪರಿಸರ ಅನುಮತಿಯ ಮಾತೇ ಬರುವುದಿಲ್ಲ. ಒಂದೇ ಕ್ರಾಸಿನಲ್ಲಿ ಹತ್ತು ಸೈಟು ಒಟ್ಟಿಗೆ ಅಗೆದರೂ ಕಾಗದದ ಮೇಲೆ ಅವು ಒಂದರ ಮುಖ ಒಂದು ನೋಡಿರದ ಹತ್ತು ಅಪರಿಚಿತರು. ಹತ್ತರ ಕೆಸರೂ ಒಂದೇ ಮೋರಿಯಲ್ಲಿ ಪರಸ್ಪರ ಪರಿಚಯ ಮಾಡಿಕೊಳ್ಳುತ್ತದೆ, ಅಷ್ಟೆ.

2018ರಲ್ಲಿ ಕೇಂದ್ರ ಸರ್ಕಾರ ಇನ್ನೂ ಒಂದು ನಿಯಮ ತಂದಿತು. ನಿರ್ಮಾಣ ಸ್ಥಳದಲ್ಲಿ ಧೂಳೆಬ್ಬಿಸುವ ಸಡಿಲ ಮಣ್ಣು, ಮರಳು ಯಾವುದನ್ನೂ ಮುಚ್ಚದೆ ಬಿಡುವಂತಿಲ್ಲ. ಒಳ್ಳೆಯದೇ. ಆದರೆ ಅದು ಧೂಳಿನ ನಿಯಮ. ಮೊದಲ ಹನಿ ಬಿದ್ದ ಕೂಡಲೇ ಮಣ್ಣು ಧೂಳಿನ ವ್ಯಾಖ್ಯೆಯಿಂದ ಬಿಡುಗಡೆ ಹೊಂದಿ ಸ್ವತಂತ್ರ ಪ್ರಜೆಯಾಗುತ್ತದೆ. ಗಾಳಿಯಲ್ಲಿ ಹಾರಿದರೆ ಅಪರಾಧಿ, ನೀರಿನಲ್ಲಿ ಹರಿದರೆ ಯಾತ್ರಿಕ.

ಹಸಿರು ಬಲೆ ಕಟ್ಟಿದ್ದೇವಲ್ಲ ಎನ್ನುತ್ತಾರೆ. ಕಟ್ಟಿದ್ದಾರೆ, ಒಂದನೇ ಮಹಡಿಯಿಂದ ಮೇಲಕ್ಕೆ. ಮಣ್ಣು ಹೋಗುವುದು ನೆಲದ ಮೇಲೆ. ಸುತ್ತಲೂ ತಗಡಿನ ಶೀಟೂ ಇದೆ, ಅದರ ಮೇಲೆ 'ಲೇಕ್ ವ್ಯೂ' ಎಂದು ಬಣ್ಣದ ಚಿತ್ರವೂ ಇದೆ, ಶೀಟಿಗೂ ನೆಲಕ್ಕೂ ನಡುವೆ ಒಂದು ಗೇಣು ಸಂದೂ ಇದೆ. ಆ ಸಂದಿನಿಂದಲೇ ಇಳಿದುಹೋಗುವ ಕೆಸರು ಜಾಹೀರಾತಿನ ಕೆರೆಯನ್ನು ಮೆಲ್ಲಗೆ ಮುಂದಿನ ಸೈಟಾಗಿ ಪರಿವರ್ತಿಸುತ್ತಿರುತ್ತದೆ.

ತಡೆಯುವುದು ರಾಕೆಟ್ ವಿದ್ಯೆಯೇನಲ್ಲ. ಮಳೆಗಾಲದ ಬಾಯಲ್ಲಿ ಇಡೀ ಸೈಟನ್ನು ಒಮ್ಮೆಗೇ ಬಗೆಯದೆ ತುಂಡುತುಂಡಾಗಿ ಅಗೆಯಬೇಕು. ಗುಡ್ಡೆ ಹಾಕಿದ ಮಣ್ಣಿಗೆ ಟಾರ್ಪಾಲು ಹೊದಿಸಬೇಕು. ಬರಿಮೈ ಮಣ್ಣನ್ನು ಕುಟ್ಟಿ ಬಿಡಿಸುವುದೇ ಮಳೆಹನಿ. ತಗ್ಗಿನ ಅಂಚಿಗೆ ಒಂದು ಸಾಲು ಮರಳು ಮೂಟೆ, ಗೇಟಿನಲ್ಲಿ ಟಿಪ್ಪರಿನ ಚಕ್ರ ಕೆಸರು ಉದುರಿಸಿಕೊಂಡು ಹೋಗಲು ದಪ್ಪ ಜಲ್ಲಿಯ ಹಾಸು. ಪಾಯದ ಗುಂಡಿಯಲ್ಲಿ ನಿಂತ ನೀರನ್ನು ನೇರವಾಗಿ ಮೋರಿಗೆ ಪಂಪು ಮಾಡದೆ, ಬೇರೆ ಗುಂಡಿಯಲ್ಲಿ ತಿಳಿಯಾಗಲು ಬಿಡಬೇಕು. ಮರಳು ಬೇಗ ತಳ ಸೇರುತ್ತದೆ. ನುಣ್ಣನೆ ಜೇಡಿಗೆ ದಿನಗಳೇ ಬೇಕು, ಅದಕ್ಕೇ ಅದು ಕೆರೆಯವರೆಗೂ ತೇಲಿಹೋಗುವುದು. ಸಿಂಗಪುರದಲ್ಲಿ ನಿರ್ಮಾಣ ಸ್ಥಳದಿಂದ ಚರಂಡಿಗೆ ಬಿಡುವ ನೀರಿನಲ್ಲಿ ಲೀಟರಿಗೆ 50 ಮಿಲಿಗ್ರಾಂಗಿಂತ ಹೆಚ್ಚು ಕಣ ಇರಬಾರದು. ನೀರು ಹೊರಬೀಳುವ ಕಡೆ ಕ್ಯಾಮೆರಾ ಇಟ್ಟು ಕಾಯುತ್ತಾರೆ. ನಮ್ಮ ಸೈಟುಗಳಲ್ಲೂ ಕ್ಯಾಮೆರಾ ಇದೆ. ಅದು ಕಬ್ಬಿಣದ ಸರಳು ಕಾಯುತ್ತದೆ.

ನಮ್ಮ ಮೇಸ್ತ್ರಿಯ ವಿಧಾನವೇ ಬೇರೆ. ರಸ್ತೆಯೆಲ್ಲ ಕೆಸರಾಯಿತಲ್ಲಪ್ಪಾ ಎಂದು ಎದುರುಮನೆಯವರು ಗೊಣಗಿದರೆ, "ಮಣ್ಣು ತಾನೇ ಸಾರ್, ತೊಳೆದ್ರೆ ಹೋಗುತ್ತೆ" ಎಂದು ಟ್ಯಾಂಕರಿನ ಪೈಪು ಹಿಡಿಯುತ್ತಾನೆ. ಹೋಗುತ್ತದೆ. ಎಲ್ಲಿಗೆ ಎಂದು ಎದುರುಮನೆಯವರೂ ಕೇಳುವುದಿಲ್ಲ.

ಗುದ್ದಲಿ ಪೂಜೆಗೆ ಮಂತ್ರಿಗಳು ಬರುತ್ತಾರೆ, ಶಾಸಕರು ಬರುತ್ತಾರೆ, ಡ್ರೋನು ಹಾರುತ್ತದೆ. ಮರಳು ಮೂಟೆಯ ಸಾಲಿಗೆ ಯಾರಾದರೂ ಟೇಪು ಕತ್ತರಿಸಿದ್ದುಂಟೆ? ಅದರಲ್ಲಿ ಬಿಲ್ಲೂ ಇಲ್ಲ, ಫೋಟೋವೂ ಇಲ್ಲ.

ಹಿಂದೆ ಹೂಳಿಗೂ ಒಂದು ಮರ್ಯಾದೆ ಇತ್ತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ರೈತರು ಗಾಡಿ ಕಟ್ಟಿಕೊಂಡು ಬಂದು ಗೋಡು ಹೇರಿಕೊಂಡು ಹೋಗುತ್ತಿದ್ದರು, ಹೊಲಕ್ಕೆ ಗೊಬ್ಬರವಾಗುತ್ತಿತ್ತು. ಒಳಚರಂಡಿಯಲ್ಲಿ ಮಿಂದು, ನೊರೆಯುಕ್ಕಿ, ಬೆಂಕಿಯನ್ನೂ ಕಂಡ ಬೆಳ್ಳಂದೂರಿನ ಹೂಳನ್ನು ಯಾವ ರೈತ ಕೇಳಿಯಾನು? ಹಸಿರು ನ್ಯಾಯಮಂಡಳಿ ಚಾಟಿ ಬೀಸಿದ ಮೇಲೆ ಬಿಡಿಎ ಆ ಕೆರೆಯ ನೀರು ಬಸಿದು ಹೂಳೆತ್ತತೊಡಗಿತು. ಕೆಳಗೆ ಎತ್ತುತ್ತಿದ್ದರೆ ಮೇಲಿನಿಂದ ಕಳಿಸುವವರು ಕಳಿಸುತ್ತಲೇ ಇದ್ದಾರೆ.

2025ರ ಸೆಪ್ಟೆಂಬರಿನಲ್ಲಿ ಬಿಬಿಎಂಪಿ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಅದರಡಿಯಲ್ಲಿ ಐದು ಪಾಲಿಕೆಗಳು ಬಂದವು. ಇಂದಿರಾನಗರ ಕೇಂದ್ರ ಪಾಲಿಕೆಗೆ ಸೇರಿತು, ಬೆಳ್ಳಂದೂರು ಪೂರ್ವ ಪಾಲಿಕೆಗೆ. ಈಗ ಮಣ್ಣು ಹುಟ್ಟುವುದು ಒಂದು ಪಾಲಿಕೆಯಲ್ಲಿ, ಸಾಯುವುದು ಇನ್ನೊಂದರಲ್ಲಿ, ಸಮಾಧಿ ಬಿಡಿಎ ಜಾಗದಲ್ಲಿ. ಎಲ್ಲಿಂದ ಬಂತು ಎಂದರೆ "ಮೇಲಿನಿಂದ" ಎನ್ನುತ್ತಾರೆ. ಎಲ್ಲಿಗೆ ಹೋಯಿತು ಎಂದರೆ "ಕೆಳಕ್ಕೆ". ಎರಡೂ ಸತ್ಯ. ಭೂಮಿಯ ಗುರುತ್ವಾಕರ್ಷಣೆಯೊಂದೇ ಇಲ್ಲಿ ವರ್ಗಾವಣೆಯ ಭಯವಿಲ್ಲದೆ ಕೆಲಸ ಮಾಡುವ ಅಧಿಕಾರಿ.

ಆದರೂ ಈ ಕೆಮ್ಮಣ್ಣನ್ನು ಸೈಟಿನ ಗೇಟಿನಲ್ಲೇ ಹಿಡಿದುಬಿಟ್ಟರೆ ಎಷ್ಟು ಜನರ ಹೊಟ್ಟೆಯ ಮೇಲೆ ಹೊಡೆದಂತಾದೀತು ಯೋಚಿಸಿ. ಅಲ್ಲಿ ನಿಂತರೆ ಅದು ಬಿಲ್ಡರನ ಖರ್ಚು. ಮೋರಿಗೆ ಬಿದ್ದರೆ ವಾರ್ಡಿನ ಕಾಮಗಾರಿ, ರಾಜಕಾಲುವೆಗೆ ಬಂದರೆ ದೊಡ್ಡ ಕಾಮಗಾರಿ, ಕೆರೆ ಸೇರಿದರೆ ಕೋಟಿಗಟ್ಟಲೆಯ ಯೋಜನೆ. ಹರಿದಷ್ಟೂ ಬೆಲೆ ಏರುವ ಸರಕು ಇದೊಂದೇ. ಇಂಥದ್ದನ್ನು ಟಾರ್ಪಾಲಿನಡಿ ಮುಚ್ಚಿಡಿ ಎನ್ನುವವನಿಗೆ ಅರ್ಥಶಾಸ್ತ್ರ ಗೊತ್ತಿಲ್ಲ.

ಮಳೆಗಾಲದ ಮುಂಚಿನ ಹೂಳೆತ್ತುವ ಕಾರ್ಯಕ್ರಮ ನೋಡಬೇಕು. ಮೋರಿಯ ಚಪ್ಪಡಿ ಎಬ್ಬಿಸಿ, ಕರಿ ಕೆಸರನ್ನು ಮೇಲಕ್ಕೆತ್ತಿ, ಅದೇ ಮೋರಿಯ ಅಂಚಿನಲ್ಲಿ ಗುಡ್ಡೆ ಹಾಕುತ್ತಾರೆ. ಒದ್ದೆ ಮಣ್ಣು ಲಾರಿಗೆ ಭಾರ, ಎರಡು ದಿನ ಒಣಗಲಿ ಎಂದು ಬಿಡುತ್ತಾರೆ. ಎರಡನೇ ದಿನ ಸಂಜೆ ಮಳೆ ಬರುತ್ತದೆ. ಫೋಟೋ ಆಗಲೇ ತೆಗೆದಾಗಿರುತ್ತದೆ, ಬಿಲ್ಲು ಟೇಬಲ್ಲಿನಿಂದ ಟೇಬಲ್ಲಿಗೆ ನಡೆದಿರುತ್ತದೆ. ಮುಂದಿನ ಟೆಂಡರು ಕರೆಯುವ ಹೊತ್ತಿಗೆ ಮಣ್ಣು ಸ್ವಸ್ಥಾನಕ್ಕೆ ಮರಳಿ, ಅಳತೆಗೆ ತಯಾರಾಗಿ ಕೂತಿರುತ್ತದೆ.