ಭೀಮ ನಿಲ್ಲಬೇಕು

ನಾಯಿಗೆ ಕೂರುವುದನ್ನು ಕಲಿಸುವವರು ಓಣಿಗೊಬ್ಬರಿದ್ದಾರೆ. ಶೇಕ್‌ಹ್ಯಾಂಡ್ ಕೊಡುವುದನ್ನು, ಪೇಪರ್ ತರುವುದನ್ನು ಕಲಿಸುವವರೂ ಸಿಗುತ್ತಾರೆ. ನಿಲ್ಲುವುದನ್ನು ಕಲಿಸುತ್ತಿದ್ದೇನೆ ಎಂದರೆ ಮಾತ್ರ ಜನ ನನ್ನ ಮುಖವನ್ನೊಮ್ಮೆ, ನಾಯಿಯ ಕಾಲುಗಳನ್ನೊಮ್ಮೆ ನೋಡುತ್ತಾರೆ. “ಯಾಕೆ, ಪೆಟ್ಟಾಗಿದೆಯಾ?” ಎಂದು ಕೇಳಿದವರೂ ಉಂಟು.

1859ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಪಾಯಿಂಟರ್, ಸೆಟ್ಟರ್ ಎಂಬ ಬೇಟೆನಾಯಿಗಳ ಚೆಂದ ನೋಡಿ ಬಹುಮಾನ ಕೊಟ್ಟರು. ಆಗ ಹತ್ತಿದ ಚಟ ಸಮುದ್ರ ದಾಟಿ, ಬೆಂಗಳೂರಿನ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯವರೆಗೆ ಬಂದಿದೆ. ಶೋ ಮಂದಿ ಈ ನಿಲ್ಲುವಿಕೆಗೆ ‘ಸ್ಟ್ಯಾಕ್’ ಎನ್ನುತ್ತಾರೆ. ಗಾರೆಯವರು ತೂಕದ ಗುಂಡು ಇಳಿಬಿಟ್ಟು ನೋಡಿದರೂ ತಪ್ಪು ಸಿಗದಷ್ಟು ನೆಟ್ಟಗೆ ಮುಂಗಾಲು ಹೆಗಲಿನಿಂದ ನೆಲಕ್ಕಿಳಿಯಬೇಕು. ಹಿಂಗಾಲು ತುಸು ಹಿಂದಕ್ಕೆ ಸರಿದಿದ್ದು, ಹಾಕ್ ಎಂಬ ಕೀಲಿನಿಂದ ಪಾದದವರೆಗಿನ ಭಾಗ ನೆಲಕ್ಕೆ ಲಂಬವಾಗಿರಬೇಕು. ಕತ್ತು ಮೇಲೆ, ಬೆನ್ನು ಬಿಗಿ. ಜಡ್ಜ್ ಯಾವ ಕಡೆ ಸುತ್ತಿದರೂ ಹಗ್ಗ ಹಿಡಿದವನು ಅವರಿಗೂ ನಾಯಿಗೂ ನಡುವೆ ಬರಕೂಡದು. ಇಷ್ಟನ್ನೂ ಒಟ್ಟಿಗೆ ಮಾಡು ಎಂದರೆ ನಾನೇ ಮಾಡಲಾರೆ. ಮಾಡಬೇಕಾದದ್ದು ಇನ್ನೂ ಚಪ್ಪಲಿ ಕಚ್ಚುವ ವಯಸ್ಸಿನ ಮರಿ.

ನಮ್ಮದು ಮುಧೋಳ ನಾಯಿ. ಕೆನಲ್ ಕ್ಲಬ್ ಆಫ್ ಇಂಡಿಯಾದ ದಾಖಲೆಯಲ್ಲಿ ಈ ತಳಿಯ ಹೆಸರು ಕ್ಯಾರವಾನ್ ಹೌಂಡ್. ಮುಧೋಳಕ್ಕೆ ಹೋಗಿ ಕ್ಯಾರವಾನ್ ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಬಸ್‌ಸ್ಟ್ಯಾಂಡಿನ ದಾರಿ ತೋರಿಸಿಯಾರು. ಅಲ್ಲಿಯ ದೊರೆ ಮಾಲೋಜಿರಾವ್ ಘೋರ್ಪಡೆ ಐದನೇ ಜಾರ್ಜ್‌ಗೆ ಒಂದು ಜೋಡಿ ಕಾಣಿಕೆ ಕೊಟ್ಟರೆಂಬ ಕಥೆ ಆ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. 2005ರಲ್ಲಿ ಈ ತಳಿ ಅಂಚೆಚೀಟಿ ಏರಿತು. 2016ರಲ್ಲಿ ಮರಿಗಳು ಮೀರತ್‌ನ ಸೇನಾ ಕೇಂದ್ರಕ್ಕೆ ತರಬೇತಿಗೆ ಹೋದವು. ಇಂಥ ವಂಶದ ಕುಡಿ ನಮ್ಮ ಮನೆಯಲ್ಲಿ ಕಾಲೊರಸು ಹರಿಯುತ್ತದೆ.

ಮುಧೋಳದವನಲ್ಲವೇ, ರನ್ನ ಎಂದಿಡೋಣ ಎಂದೆ. ಕನ್ನಡ ಮೇಷ್ಟರಾದ ಭಾವ, “ಕವಿಚಕ್ರವರ್ತಿಯ ಹೆಸರು ಹಿಡಿದು ‘ಛೀ, ಬಿಡೋ’ ಅನ್ನೋದು ಹೇಗಯ್ಯಾ?” ಎಂದರು. ಕವಿ ಬೇಡವಾದರೆ ಗದಾಯುದ್ಧದ ನಾಯಕನಿರಲಿ ಎಂದು ಭೀಮನಾಯಿತು. ಪಕ್ಕೆಲುಬು ಎಣಿಸಬಹುದಾದ, ಹೊಟ್ಟೆ ಬೆನ್ನಿಗಂಟಿದ ಈ ಭೀಮನನ್ನು ಕಂಡ ನೆಂಟರು, “ಹೊಟ್ಟೆಗೆ ಸರಿಯಾಗಿ ಹಾಕ್ತೀರಿ ತಾನೆ?” ಎಂದು ದನಿ ತಗ್ಗಿಸಿ ವಿಚಾರಿಸುತ್ತಾರೆ. ತಳಿಯೇ ಹಾಗೆ ಎಂದರೆ ಯಾರೂ ನಂಬುವುದಿಲ್ಲ. ಜಿಪುಣರೆಲ್ಲ ಹೇಳುವುದೂ ಅದನ್ನೇ.

ಮೊದಲ ತೊಡಕು ಬಂದದ್ದು ನನ್ನಾಕೆಯಿಂದ. ಶೋಗೆ ಹೋಗುವ ಮರಿಗೆ ‘ಸಿಟ್’ ಮೊದಲು ಕಲಿಸಬೇಡಿ ಎಂದು ಬಲ್ಲವರು ಹೇಳುತ್ತಾರೆ. ಆ ಮಾತು ನನ್ನ ಕಿವಿಗೆ ಬೀಳುವಷ್ಟರಲ್ಲಿ ಮನೆಯ ರಸ್ಕ್ ಡಬ್ಬಿ ಅರ್ಧ ಖಾಲಿಯಾಗಿ, ತಿನ್ನುವ ವಸ್ತು ಯಾರ ಕೈಯಲ್ಲಿ ಕಂಡರೂ ಕೂರುವುದು ಭೀಮನಿಗೆ ಧರ್ಮವಾಗಿತ್ತು. ಈಗ ನಿಲ್ಲುವುದಕ್ಕೆ ಬೇಯಿಸಿದ ಲಿವರ್ ತೋರಿಸಬೇಕು. ತೋರಿಸಿದೊಡನೆ ಅವನು ಕೂರುತ್ತಾನೆ. ಎತ್ತಿ ನಿಲ್ಲಿಸಿ, ನಿಂತಿರುವಾಗಲೇ ಚೂರು ಬಾಯಿಗಿಡಬೇಕು. ಅಲುಗಿದ ಮೇಲೆ ಕೊಟ್ಟರೆ ಅಲುಗಿದ್ದಕ್ಕೇ ಬಹುಮಾನ ಸಿಕ್ಕಿತೆಂದು ಅವನ ಲೆಕ್ಕ. “ಅದನ್ನ ನನ್ನ ಅಡುಗೆಮನೇಲಿ ಬೇಯಿಸಬೇಡಿ ರೀ” ಎಂದಾದ್ದರಿಂದ ಬಾಲ್ಕನಿಯಲ್ಲಿ ಹಳೆಯ ಕರೆಂಟ್ ಒಲೆ ಹೂಡಿದ್ದೇನೆ. ಚೂರುಗಳು ಅಂಗಿಯ ಜೇಬಿನಲ್ಲಿ ಬಸ್ ಪಾಸಿನ ಜೊತೆಗಿರುತ್ತವೆ. ಕಂಡಕ್ಟರ್ ಈಗೀಗ ಪಾಸನ್ನು ದೂರದಿಂದಲೇ ನೋಡಿ ಮುಂದೆ ಹೋಗುತ್ತಾನೆ.

ನಿಂತರೂ ಮುಗಿಯಲಿಲ್ಲ. ಜಡ್ಜ್ ಬಂದು ತುಟಿ ಎತ್ತಿ ಹಲ್ಲು ನೋಡುತ್ತಾರೆ, ಎದೆ, ಬೆನ್ನು, ತೊಡೆ ಮುಟ್ಟುತ್ತಾರೆ. ಗಂಡಾದರೆ ಇನ್ನೂ ಖಾಸಗಿ ವಿಚಾರಣೆಯೂ ಇದೆ. ಮುಧೋಳ ನಾಯಿಗೋ ಹೊರಗಿನವರ ಕೈ ಎಂದರೆ ಆಗದು. ಹಾಗಾಗಿ ಹೊರಗಿನವರನ್ನೇ ಕರೆದು ಅಭ್ಯಾಸ ಮಾಡಿಸಬೇಕು. ಕೊರಿಯರ್ ಹುಡುಗ, ವಾಚ್‌ಮನ್, ಮೇಲಿನ ಮನೆಯ ನಿವೃತ್ತ ಬ್ಯಾಂಕ್ ಮ್ಯಾನೇಜರ್, ಬಂದವರೆಲ್ಲ ಭೀಮನ ಹಲ್ಲು ನೋಡಿಯೇ ಹೋಗಬೇಕಾಯಿತು. ಮ್ಯಾನೇಜರ್ ಕನ್ನಡಕ ಏರಿಸಿ, ಸಾಲದ ಅರ್ಜಿ ನೋಡುವ ಗಾಂಭೀರ್ಯದಲ್ಲಿ ನೋಡಿ, ಏನೂ ಹೇಳದೆ ತಲೆಯಾಡಿಸುತ್ತಿದ್ದರು. ಗ್ಯಾಸ್‌ನವನಂತೂ ಸಿಲಿಂಡರ್ ಇಳಿಸಿ, ಕೈ ಒರೆಸಿಕೊಂಡು, “ಇವತ್ತು ಹಲ್ಲು ಮಾತ್ರಾನಾ, ಪೂರ್ತಿನಾ ಸಾರ್?” ಎಂದು ಕೇಳುವ ಮಟ್ಟಕ್ಕೆ ಪಳಗಿದ.

ಬಾಗಲಕೋಟೆ ಕಡೆಯಿಂದ ಸೋದರಮಾವ ಬಂದದ್ದು ಆಗ. ಜಾತ್ರೆಗಳಲ್ಲಿ ಎತ್ತು ನೋಡಿ ನೋಡಿಯೇ ಕೂದಲು ಬೆಳ್ಳಗಾದ ಮನುಷ್ಯ. ತಾರಸಿಯಲ್ಲಿ ನನ್ನ ಒದ್ದಾಟ ನೋಡಿ, “ಇದೇನಲೇ, ಓಡೂ ನಾಯಿನ್ನ ನಿಂದ್ರಸಾಕತ್ತಿ?” ಎಂದರು. ನಾನು ಭೀಮನ ಪಾದ ಹಿಡಿದಿಡುತ್ತಿದ್ದೆ, ಅವನು ಕಿತ್ತುಕೊಳ್ಳುತ್ತಿದ್ದ. “ಪಾದ ಹಿಡದ್ರ ಯಾವ ಪ್ರಾಣಿನೂ ಕಾಲ ಕೊಡಂಗಿಲ್ಲ ತಮ್ಮಾ. ಮ್ಯಾಲಿಂದ ಬರಬೇಕು” ಎಂದು ಪಂಚೆ ಎತ್ತಿ ಕಟ್ಟಿ ಕುಕ್ಕರಗಾಲಲ್ಲಿ ಕುಳಿತರು. ಅಂಗೈ ಕತ್ತಿನಿಂದ ಹೆಗಲಿಗೆ, ಹೆಗಲಿನಿಂದ ಮೊಣಕೈಗೆ ಜಾರಿತು. ಮೊಣಕೈಯನ್ನು ಒಂದಿಷ್ಟು ಎತ್ತಿ ಬಿಟ್ಟರು. ಪಾದ ತಾನಾಗಿ ಬೀಳಬೇಕಾದಲ್ಲಿ ಬಿತ್ತು. ಆಮೇಲೆ ಬಾಲವನ್ನು ಹಗುರಾಗಿ ಹಿಂದಕ್ಕೆ ಜಗ್ಗಿದರು. ಎಳೆದ ಕಡೆಗೆ ಹೋಗದಿರುವುದು ಪ್ರಾಣಿಯ ಹುಟ್ಟುಗುಣವಲ್ಲವೇ, ಭೀಮ ಮೈಯ ಭಾರವನ್ನೆಲ್ಲ ಮುಂದಕ್ಕೆ ಹಾಕಿ, ಕತ್ತು ಚಾಚಿ, ಬೆನ್ನು ಬಿಗಿದು ನಿಂತುಬಿಟ್ಟ. ಶೋ ಮಂದಿ ಫೀ ತೆಗೆದುಕೊಂಡು ಹೇಳಿಕೊಡುವ ವಿದ್ಯೆ ಇದೇ.

ಹಲ್ಲಿನ ವಿಷಯದಲ್ಲಿ ಮಾತ್ರ ಮಾವ ಕಂಗಾಲಾದರು. “ಎತ್ತಿಗೆ ಮ್ಯಾಲ ಮುಂದಿನ ಹಲ್ಲ ಇರಂಗಿಲ್ಲ. ಇದಕ್ಕ ಮ್ಯಾಲೂ ಅದಾವು, ಕೆಳಗೂ ಅದಾವು!” ದೊಡ್ಡದಾದ ಮೇಲೆ ಒಟ್ಟು 42 ಇರಬೇಕು ಎಂದೆ. “ಇಷ್ಟ ಹಲ್ಲ ಇಟಕೊಂಡು ರಸ್ಕ ತಿಂತೈತಿ” ಎಂದು ಮರುಗಿದರು. ಕೊನೆಗೆ ಮೈಮೇಲಿನ ಸುಳಿ ಹುಡುಕಿ, ಚಲೋ ಐತಿ ಎಂದರು. ಶೋನಲ್ಲಿ ಸುಳಿ ನೋಡುವುದಿಲ್ಲ ಎಂದು ತಿಳಿದಾಗ ಜಡ್ಜ್‌ಗಳ ಮೇಲಿದ್ದ ಅಲ್ಪಸ್ವಲ್ಪ ಗೌರವವೂ ಅವರಿಗೆ ಹೋಯಿತು.

ಶೋ ದಿನ ತೋಳಿಗೆ ನಂಬರ್ ಚೀಟಿ ಸಿಕ್ಕಿಸಿಕೊಂಡು ರಿಂಗಿಗಿಳಿದೆವು. ಜಡ್ಜ್ ಹಲ್ಲು ನೋಡಿದರು, ಮೈ ಮುಟ್ಟಿದರು. ಗ್ಯಾಸ್‌ನವನ ಸಿಲಿಂಡರ್ ವಾಸನೆ ಇಲ್ಲವಲ್ಲ ಎಂದು ಭೀಮ ಒಮ್ಮೆ ಮೂಸಿದ, ಅಷ್ಟೆ. ಓಟದಲ್ಲಿ ಅವನಿಗೆ ನನ್ನ ಅಗತ್ಯವೇ ಇರಲಿಲ್ಲ. ಕಡೆಗೆ ಎಲ್ಲರೂ ಸಾಲಾಗಿ ನಿಂತಾಗ ಗಾಳಿಗೆ ಒಂದು ಪ್ಲಾಸ್ಟಿಕ್ ಕವರ್ ರಿಂಗಿನಾಚೆ ಹಾರಿತು. ಕಣ್ಣಿನಿಂದ ಬೇಟೆ ಹಿಡಿಯುವ ಜಾತಿ! ಕಿವಿ ನಿಮಿರಿತು, ಕತ್ತು ಎದ್ದಿತು, ನಾಲ್ಕು ಕಾಲೂ ಯಾರೂ ಹೇಳದೆ ಅವುಗಳ ಜಾಗಕ್ಕೆ ಹೋಗಿ ನಿಂತವು. ಜಡ್ಜ್ ಆಗ ಆ ತುದಿಯ ನಾಯಿಯ ಹಿಂಗಾಲು ನೋಡುತ್ತಿದ್ದರು. ಕವರ್ ಮರೆಯಾಯಿತು, ಜಡ್ಜ್ ನಮ್ಮತ್ತ ತಿರುಗಿದರು, ನಾನು ಅವಸರದಲ್ಲಿ ಲಿವರ್ ತೆಗೆದೆ. ಭೀಮ ಬಹಳ ವಿನಯದಿಂದ ಕೂತ.

ಸಂಜೆ ಮಾವ ಫೋನ್ ಮಾಡಿದರು.

“ಬಹುಮಾನ ಎಷ್ಟ ರೊಕ್ಕ?”

“ರೊಕ್ಕ ಇರಂಗಿಲ್ಲ ಮಾಮಾ. ಗೆದ್ದವರಿಗೆ ಕಪ್ಪು, ರಿಬ್ಬನ್ನು. ನಮಗ ಅದೂ ಬರಲಿಲ್ಲ.”

“ಹೋಗಿ ಬರೂ ಖರ್ಚರ ಕೊಟ್ರೇನ?”

“ಇಲ್ಲ. ಎಂಟ್ರಿ ಫೀ ನಾವ ಕಟ್ಟೀವಿ.”

ಫೋನನ್ನು ಬಾಯಿಂದ ದೂರ ಹಿಡಿದು ಅವರು ಅತ್ತೆಯನ್ನು ಕೂಗಿದ್ದು ನನಗೂ ಕೇಳಿಸಿತು: “ಏ, ಕೇಳಿದ್ಯೇನ? ನಾಯಿ ನಿಂದ್ರಸಾಕ ಇವನ ರೊಕ್ಕಾ ಕೊಟ್ಟ ಬಂದಾನಂತ!”

ಒಳಗಿನಿಂದ ಅತ್ತೆಯ ದನಿ ಬಂತು: “ಹೌದಾ? ನಿಂತಿತಂತೇನ?”