ಸಂಚಿತ ಪಾಸ್‌ವರ್ಡಿನ ಜೀರ್ಣೋದ್ಧಾರ: ಒಂದು ಶಾಸ್ತ್ರೀಯ ಮೀಮಾಂಸೆ

2004ರಲ್ಲಿ ತನ್ನ ಮೊದಲ ಪೂರ್ಣ ಆವೃತ್ತಿಯನ್ನು ಕಂಡ ಥಂಡರ್‌ಬರ್ಡಿನಂಥ ಅಂಚೆ ತಂತ್ರಾಂಶವು ಬಳಕೆದಾರನ ಪಾಸ್‌ವರ್ಡನ್ನು ಒಮ್ಮೆ ಕೇಳಿ ಕಂಪ್ಯೂಟರಿನಲ್ಲೇ ಇರಿಸಿಕೊಳ್ಳುವ ಕ್ರಿಯೆಯನ್ನು ಈ ಪ್ರಬಂಧದಲ್ಲಿ 'ಧಾರಣೆ' ಎಂದೂ, ಸರ್ವರಿನಲ್ಲಿ ಪಾಸ್‌ವರ್ಡ್ ಬದಲಾದ ಮೇಲೂ ಹಳೆಯದನ್ನೇ ಹಿಡಿದು ಕೂರುವ ಸ್ಥಿತಿಯನ್ನು 'ಜೀರ್ಣಧಾರಣೆ' ಎಂದೂ, ಅದನ್ನು ಕಿತ್ತು ಹೊಸದನ್ನು ಸ್ಥಾಪಿಸುವ ವಿಧಿಯನ್ನು 'ಪುನರ್ಧಾರಣೆ' ಎಂದೂ ಕರೆಯಲಾಗಿದೆ. ಈ ಪರಿಭಾಷೆಯಿಂದ ಓದುಗರಿಗೆ ಯಾವ ಉಪಕಾರವೂ ಆಗದು. ಆದರೆ ಪರಿಭಾಷೆಯಿಲ್ಲದ ಶಾಸ್ತ್ರಕ್ಕೆ ವಿದ್ವತ್ಸಭೆಯಲ್ಲಿ ಮಣೆ ಹಾಕುವವರಿಲ್ಲ.

ಧಾರಣೆಯು ದ್ವಿವಿಧವಾದುದು. ಬರುವ ಪತ್ರಗಳನ್ನು ಐಮ್ಯಾಪ್ ಎಂಬ ನಿಯಮಾವಳಿಯಂತೆ ತರಿಸಿಕೊಳ್ಳಲು ಬೇಕಾದುದು 'ಆಗಮಧಾರಣೆ'. ಹೋಗುವ ಪತ್ರಗಳನ್ನು 1982ರಷ್ಟು ಹಳೆಯದಾದ ಎಸ್‌ಎಂಟಿಪಿ ಎಂಬ ನಿಯಮಾವಳಿಯಂತೆ ಕಳಿಸಲು ಬೇಕಾದುದು 'ನಿರ್ಗಮಧಾರಣೆ'. ಬಳಕೆದಾರನ ಮಟ್ಟಿಗೆ ಪಾಸ್‌ವರ್ಡ್ ಒಂದೇ ಆದರೂ ತಂತ್ರಾಂಶವು ಅದನ್ನು ಎರಡು ಸಾಲುಗಳಲ್ಲಿ ಬೇರೆ ಬೇರೆಯಾಗಿ ಬರೆದಿಟ್ಟುಕೊಳ್ಳುವುದರಿಂದ, ಒಂದನ್ನು ತಿದ್ದಿ ಇನ್ನೊಂದನ್ನು ಮರೆತವನಿಗೆ ಪತ್ರಗಳು ಬರುತ್ತಲೇ ಇದ್ದು ಉತ್ತರಗಳು ಮಾತ್ರ ಹೋಗದಿರುವ ವಿಚಿತ್ರ ದಶೆ ಒದಗುತ್ತದೆ. ಇವೆರಡನ್ನೂ 993, 587, 465 ಎಂಬ ಪೋರ್ಟ್ ಸಂಖ್ಯೆಗಳಿಗೆ ಅನುಗುಣವಾಗಿ ಇನ್ನಷ್ಟು ಉಪಭೇದಗಳಾಗಿ ಒಡೆಯಬಹುದಾದರೂ, ಹಾಗೆ ಒಡೆದದ್ದರಿಂದ ಯಾರ ಪತ್ರವೂ ಹೊರಡುವುದಿಲ್ಲವಾದ್ದರಿಂದ ವಿಭಾಗಕ್ರಮವನ್ನು ಇಲ್ಲಿಗೇ ಕೈಬಿಡಲಾಗಿದೆ.

ಜೀರ್ಣಧಾರಣೆಯ ಲಕ್ಷಣವೆಂದರೆ ಲಾಗಿನ್ ವಿಫಲವಾಯಿತೆಂದು ಸಾರುವ ಪುಟ್ಟ ಕಿಟಕಿ. ಅದರಲ್ಲಿ 'ರಿಟ್ರೈ', 'ಎಂಟರ್ ನ್ಯೂ ಪಾಸ್‌ವರ್ಡ್', 'ಕ್ಯಾನ್ಸಲ್' ಎಂಬ ಮೂರು ಗುಂಡಿಗಳಿದ್ದು, ಅವಸರದಲ್ಲಿರುವವನು ಸಹಜವಾಗಿ ಒತ್ತುವ ಮೊದಲನೆಯದು ಅದೇ ತಪ್ಪು ಪಾಸ್‌ವರ್ಡನ್ನು ಇನ್ನಷ್ಟು ಶ್ರದ್ಧೆಯಿಂದ ಕಳಿಸುತ್ತದೆ. ಯಾರೂ ಒತ್ತದಿದ್ದರೂ ಹೊಸ ಅಂಚೆ ಬಂದಿದೆಯೇ ಎಂದು ಹತ್ತು ನಿಮಿಷಕ್ಕೊಮ್ಮೆ ವಿಚಾರಿಸುವುದು ಈ ತಂತ್ರಾಂಶದ ಹುಟ್ಟುಗುಣ; ಪದೇ ಪದೇ ತಪ್ಪು ಪಾಸ್‌ವರ್ಡ್ ಬಂದದ್ದನ್ನು ಕಂಡ ಕೆಲವು ಸರ್ವರುಗಳು, ಯಾರೋ ಕನ್ನ ಕೊರೆಯುತ್ತಿದ್ದಾರೆಂದು ಬಗೆದು, ಮನೆಯ ಯಜಮಾನನನ್ನೇ ಹೊರಗಿಟ್ಟು ಬೀಗ ಜಡಿಯುತ್ತವೆ.

ಪುನರ್ಧಾರಣೆಯ ವಿಧಿ ಸರಳವಾಗಿದೆ: 'ಸೆಟ್ಟಿಂಗ್ಸ್'ನೊಳಗಿನ 'ಪ್ರೈವೆಸಿ ಅಂಡ್ ಸೆಕ್ಯುರಿಟಿ'ಗೆ ಹೋಗಿ, 'ಸೇವ್ಡ್ ಪಾಸ್‌ವರ್ಡ್ಸ್' ಪಟ್ಟಿಯಲ್ಲಿ ಆ ಖಾತೆಯ ಎರಡೂ ಸಾಲುಗಳನ್ನು ಅಳಿಸಿ, ತಂತ್ರಾಂಶವನ್ನು ಮುಚ್ಚಿ ತೆರೆದು, ಕೇಳಿದಾಗ ಹೊಸದನ್ನು ಕೊಟ್ಟರಾಯಿತು. ಜಿಮೇಲ್ ಖಾತೆಯಾದರೆ ಕಥೆಯೇ ಬೇರೆ. ಬರೀ ಪಾಸ್‌ವರ್ಡಿನಿಂದ ಒಳಬರುವ ಹಳೆಯ ದಾರಿಯನ್ನು ಗೂಗಲ್ 2022ರ ಮೇ 30ರಿಂದ ಮುಚ್ಚತೊಡಗಿದ ಮೇಲೆ, ಪಟ್ಟಿಯಲ್ಲಿರುವುದು ಸಾಮಾನ್ಯವಾಗಿ ಪಾಸ್‌ವರ್ಡಲ್ಲ, ಅದರ ಬದಲಿಗೆ ಕೊಟ್ಟ ಟೋಕನ್ ಎಂಬ ಪರವಾನಗಿ ಚೀಟಿ.

ಆದರೆ ಇಷ್ಟೆಲ್ಲ ವಿಧಿ ಯಾಕಾಗಿ ಎಂಬುದನ್ನು ಶಾಸ್ತ್ರಕಾರರು ಕೇಳುವುದಿಲ್ಲ. ಬಹಳಷ್ಟು ಕಚೇರಿಗಳಲ್ಲಿ ಪಾಸ್‌ವರ್ಡ್ ಬದಲಾಗುವುದು ಕಳುವಾದದ್ದರಿಂದಲ್ಲ, ತೊಂಬತ್ತು ದಿನ ತುಂಬಿದ್ದರಿಂದ. ಇಂಥ ಗಡುವುಗಳಿಗೆ ಆಧಾರವಾದ 2003ರ ಅಮೆರಿಕದ ಮಾರ್ಗಸೂಚಿಯನ್ನು ಬರೆದ ಬಿಲ್ ಬರ್ ಎಂಬವರೇ 2017ರಲ್ಲಿ ತಮ್ಮ ಸಲಹೆಗೆ ವಿಷಾದಿಸಿದರು. ಅದೇ ವರ್ಷ ಎನ್‌ಐಎಸ್‌ಟಿ ಎಂಬ ಅಲ್ಲಿನ ಮಾನಕ ಸಂಸ್ಥೆಯು, ಸೋರಿಕೆಯ ಪುರಾವೆಯಿಲ್ಲದೆ ಸುಮ್ಮನೆ ಬದಲಾಯಿಸಲು ಒತ್ತಾಯಿಸಬಾರದೆಂದಿತು. ಬರೆದವರೇ ಬೇಡವೆಂದದ್ದನ್ನು ಇಲ್ಲಿನ ಸುತ್ತೋಲೆಗಳು ಇನ್ನೂ ವೇದವಾಕ್ಯವೆಂಬಂತೆ ಸಾರುತ್ತಿವೆ, ನೌಕರರೂ ಕೊನೆಯ ಅಂಕಿ 1 ಇದ್ದದ್ದನ್ನು 2 ಮಾಡಿ ಆಜ್ಞಾಪಾಲನೆ ಮಾಡುತ್ತಿದ್ದಾರೆ. ಇದು ಭದ್ರತೆಯಲ್ಲ, ಜನರ ಕಾಲಹರಣ. ಇದಕ್ಕೆ ಸಂಸ್ಕೃತದಲ್ಲಿ ಹೆಸರಿಡುವ ಅಗತ್ಯವಿಲ್ಲ.

ಕೈಪಿಡಿಗಳು ಕೊನೆಗೆ 'ನಿಮ್ಮ ಅಡ್ಮಿನಿಸ್ಟ್ರೇಟರನ್ನು ಸಂಪರ್ಕಿಸಿ' ಎಂದು ಕೈತೊಳೆದುಕೊಳ್ಳುತ್ತವೆ. ಪಿಂಚಣಿ ಬಾಕಿಗಾಗಿ ಅರ್ಜಿ ಕಳಿಸಲು ಕೂತ ನಿವೃತ್ತ ಮೇಷ್ಟರ ಮನೆಯಲ್ಲಿ ಆ ಹುದ್ದೆಯಲ್ಲಿರುವುದು ಪಿಯುಸಿ ಓದುವ ಮೊಮ್ಮಗ. ಅವನು ಟ್ಯೂಷನ್ ಮುಗಿಸಿ ಬರುವುದು ರಾತ್ರಿ ಎಂಟಕ್ಕೆ.